ಎಣಿಕೆಯಲ್ಲಿ ಒಂದು ಕಡಿಮೆ

ಬೆಳಗಿನ ಐದೂಮುಕ್ಕಾಲು. ದೊಡ್ಡಾಸ್ಪತ್ರೆಯ ಹಿಂಬದಿ ಕಟ್ಟಡದ ಮೂರನೇ ಮಹಡಿಯಲ್ಲಿ ಒಂದೇ ಒಂದು ಕೋಣೆಯ ದೀಪ ಹತ್ತಿಕೊಳ್ಳುತ್ತದೆ. ಒಳಗೆ ಬಂದವರು ಚಪ್ಪಲಿ ಬಿಟ್ಟು, ರಬ್ಬರ್ ಸ್ಲಿಪ್ಪರ್ ಮೆಟ್ಟಿ, ಬಿಳಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಲೇ ಮೂಲೆಯಲ್ಲಿರುವ ಬಿಸಿಪೆಟ್ಟಿಗೆಯ ಅಂಕಿ ನೋಡುತ್ತಾರೆ. ಮೂವತ್ತೇಳು ಡಿಗ್ರಿ, ನಮ್ಮ ನಿಮ್ಮ ಮೈಯಷ್ಟೇ ಬಿಸಿ. ಅದರೊಳಗೆ ನಾಲ್ಕು ಜನರ ರಕ್ತ ಮೂರು ದಿನದಿಂದ ಪುಟ್ಟ ಸೀಸೆಗಳಲ್ಲಿ ಬೆಚ್ಚಗೆ ಕುಳಿತಿದೆ. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು, ಮೆಲ್ಲಗೆ ಅಲ್ಲಾಡಿಸಿ, "ಎದ್ರಾ?" ಎಂದು ಕೇಳುತ್ತಾರೆ. ನನ್ನನ್ನೇ ಕೇಳಿದರೆಂದುಕೊಂಡು ನಾನು, ಹೌದು, ನಾಲ್ಕಕ್ಕೇ ಎದ್ದೆ ಅನ್ನುತ್ತೇನೆ. ಅವರು ತಿರುಗಿ ನೋಡಿ ನಗುತ್ತಾರೆ. ಕೇಳಿದ್ದು ಸೀಸೆಗಳನ್ನು.

ಇವರು ಕ್ರೋಮೋಸೋಮ್ ಎಣಿಸುವ ತಂತ್ರಜ್ಞೆ. ವಯಸ್ಸು ಐವತ್ತೆರಡು. ಇಪ್ಪತ್ತೊಂಬತ್ತು ವರ್ಷದಿಂದ ಇದೇ ಕೋಣೆ, ಇದೇ ಕೆಲಸ. ಮನುಷ್ಯನ ಪ್ರತಿ ಜೀವಕೋಶದಲ್ಲೂ ನಲವತ್ತಾರು ಕ್ರೋಮೋಸೋಮ್ ಇರುತ್ತವೆ, ಇವರು ಬೆಳಗಿಂದ ಸಂಜೆಯ ತನಕ ಅದನ್ನೇ ಎಣಿಸುತ್ತಾರೆ. ಹಾಗಾಗಿ ಕೆಳಗಿನ ಮಹಡಿಯ ನರ್ಸುಗಳಿಂದ ಹಿಡಿದು ಲಿಫ್ಟಿನವರ ತನಕ ಎಲ್ಲರಿಗೂ ಇವರು 'ನಲವತ್ತಾರಕ್ಕ'. ಪುರವಣಿಯವರು ನನ್ನನ್ನು ಕಳಿಸಿದ್ದು ಆಸ್ಪತ್ರೆಗೆ ಹೊಸದಾಗಿ ಬಂದ ಯಂತ್ರವೊಂದರ ಬಗ್ಗೆ ಬರೆಯಲು. ಯಂತ್ರದ ಕೋಣೆ ಹುಡುಕುತ್ತ ಒಂದು ಮಹಡಿ ಜಾಸ್ತಿ ಹತ್ತಿಬಿಟ್ಟೆ. ಅಂದಿನಿಂದ ಮೂರು ವಾರವಾಯಿತು, ಯಂತ್ರವನ್ನು ಮರೆತು ಇಲ್ಲಿಗೇ ಬರುತ್ತಿದ್ದೇನೆ.

ಇಷ್ಟು ಬೆಳಿಗ್ಗೆ ಯಾಕೆ ಎಂದರೆ ಉತ್ತರ ಸರಳ. ಕೋಶವೊಂದು ಎರಡಾಗಿ ಒಡೆಯುವ ಹೊತ್ತಿನಲ್ಲಿ ಮಾತ್ರ ಕ್ರೋಮೋಸೋಮುಗಳು ದಪ್ಪಗಾಗಿ ಕಣ್ಣಿಗೆ ಬೀಳುತ್ತವೆ. ಉಳಿದ ಹೊತ್ತು ಸಿಕ್ಕುಗಟ್ಟಿದ ನೂಲು, ತುದಿಮೊದಲು ಗೊತ್ತಾಗುವುದಿಲ್ಲ. ಹಾಗಾಗಿ ಆ ಗಳಿಗೆ ಕಾದು, ಸೀಸೆಗೆ ಒಂದು ಔಷಧಿಯ ಹನಿ ಬಿಟ್ಟು, ಒಡೆಯುತ್ತಿರುವ ಕೋಶಗಳನ್ನು ಇದ್ದಲ್ಲೇ ನಿಲ್ಲಿಸಬೇಕು. ಬೇಗ ನಿಲ್ಲಿಸಿದರೆ ನಾಲ್ಕಾರು ಕೋಶ ಸಿಕ್ಕರೆ ಪುಣ್ಯ, ತಡವಾದರೆ ಕ್ರೋಮೋಸೋಮುಗಳು ಮುದುಡಿ ಮೊಟಕಾಗುತ್ತವೆ. ಆರು ಗಂಟೆಗೆ ಇದು ಮುಗಿದರೆ ಹತ್ತರಿಂದ ಕೂತು ಹಿಂದಿನ ದಿನದ ಸ್ಲೈಡುಗಳನ್ನು ಎಣಿಸಲು ಬಿಡುವಾಗುತ್ತದೆ. ರಜೆಯ ದಿನ ಸೀಸೆ ಬಲಿತರೆ ರಜೆಯ ದಿನವೂ ಬರಲೇಬೇಕು, ಬರುತ್ತಾರೆ.

ಆಮೇಲಿನದು ಕೈಚಳಕ. ತೆಳು ಉಪ್ಪುನೀರಿನಲ್ಲಿ ಕೋಶಗಳನ್ನು ಉಬ್ಬಿಸಿ, ಸ್ಪಿರಿಟ್ಟಿನಂಥ ದ್ರವದಲ್ಲಿ ಗಟ್ಟಿ ಮಾಡಿ, ತಣ್ಣನೆಯ ಗಾಜಿನ ಸ್ಲೈಡಿನ ಮೇಲೆ ಗೇಣೆತ್ತರದಿಂದ ಒಂದು ಹನಿ ಬೀಳಿಸಬೇಕು. ಬಿದ್ದ ಏಟಿಗೆ ಕೋಶ ಒಡೆದು ಒಳಗಿನದೆಲ್ಲ ಹರಡಿಕೊಳ್ಳಬೇಕು, ಚೆಲ್ಲಾಪಿಲ್ಲಿಯಾಗಬಾರದು. ಹನಿ ಬಿಡುವ ಮೊದಲು ನಲವತ್ತಾರಕ್ಕ ಮಾಸ್ಕ್ ಇಳಿಸಿ ಗಾಜಿನ ಮೇಲೆ ಒಮ್ಮೆ 'ಹಾ' ಎಂದು ಉಸಿರು ಬಿಡುತ್ತಾರೆ. ಆ ತೇವದಲ್ಲಿ ಹರಡುವುದು ಚೆನ್ನಾಗಿರುತ್ತದಂತೆ. ಇದು ಪುಸ್ತಕದಲ್ಲಿದೆಯೇ ಎಂದು ಕೇಳಿದೆ. ಪುಸ್ತಕ ಬರೆದವರು ಮಾಸ್ಕ್ ಹಾಕಿಕೊಂಡಿರಬೇಕು ಅಂದರು.

ಎಣಿಸುವಾಗ ಮಾತ್ರ ಮಾತಿಲ್ಲ. ಸೂಕ್ಷ್ಮದರ್ಶಕದ ದೊಡ್ಡ ಲೆನ್ಸಿಗೂ ಸ್ಲೈಡಿಗೂ ನಡುವೆ ಒಂದು ತೊಟ್ಟು ಎಣ್ಣೆ ಬಿಟ್ಟು, ಕಣ್ಣಿಟ್ಟು ಕುಳಿತರೆಂದರೆ ಪಕ್ಕದಲ್ಲಿ ಸೀನಿದರೂ ಗೊತ್ತಾಗುವುದಿಲ್ಲ. "ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯೋದು ಅಂತಾರಲ್ಲ, ನಮ್ಮದು ಅದೇ ಕೆಲಸ. ಎಣ್ಣೆ ಮಾತ್ರ ಲೆನ್ಸಿಗೆ" ಎನ್ನುವುದು ಇವರ ಹಳೆಯ ಜೋಕು. ಒಬ್ಬರ ರಕ್ತದಲ್ಲಿ ಇಪ್ಪತ್ತು ಕೋಶ ಎಣಿಸಬೇಕು. ಕೋಶಕ್ಕೆ ನಲವತ್ತಾರರಂತೆ ಒಂಬೈನೂರ ಇಪ್ಪತ್ತು. ದಿನಕ್ಕೆ ನಾಲ್ಕು ಜನ ಎಂದಿಟ್ಟುಕೊಂಡರೆ ಮೂರು ಸಾವಿರದ ಆರುನೂರ ಎಂಬತ್ತು. ಇಪ್ಪತ್ತೊಂಬತ್ತು ವರ್ಷಕ್ಕೆ ಎಷ್ಟಾಯಿತೆಂದು ನಾನು ಕಾಗದ ಪೆನ್ನು ತೆಗೆದಾಗ ಅವರು ಕೈ ಹಿಡಿದು ತಡೆದರು. ಒಟ್ಟು ಎಷ್ಟು ಅನ್ನುವುದು ತಲೆಗೆ ಹೊಕ್ಕರೆ ನಾಳೆ ಬೆಳಿಗ್ಗೆ ಏಳೋಕಾಗಲ್ಲ ಎಂದು ಅವರ ವಾದ. ನನಗೂ ಲೆಕ್ಕಕ್ಕೂ ಶಾಲೆಯ ದಿನಗಳಿಂದ ಆಗಿಬರುವುದಿಲ್ಲ, ಖುಷಿಯಿಂದ ಪೆನ್ನು ಒಳಗಿಟ್ಟೆ.

ಮೂರನೇ ದಿನ ಅವರಿಂದ ನನಗೊಂದು ಪಾಠವಾಯಿತು. ನಲವತ್ತಾರು ಅಂದರೆ ನಲವತ್ತಾರು ಬೇರೆಬೇರೆ ವಸ್ತುಗಳಲ್ಲ. ಇಪ್ಪತ್ತಮೂರು ಬಗೆ, ಬಗೆಗೆ ಎರಡೆರಡು ಪ್ರತಿ: ಒಂದು ಅಮ್ಮನಿಂದ, ಒಂದು ಅಪ್ಪನಿಂದ. ಗಂಡಸರಲ್ಲಿ ಕೊನೆಯ ಜೋಡಿ ಮಾತ್ರ ಒಂದಕ್ಕೊಂದು ಹೊಂದದ ಜೋಡಿ. ಯಾವುದೋ ಒಂದು ಬಗೆಗೆ ಎರಡರ ಬದಲು ಮೂರು ಪ್ರತಿ ಬಂತು ಅಥವಾ ಒಂದೇ ಉಳಿಯಿತು ಎಂದರೆ ಮೈಯ ಲೆಕ್ಕ ಏರುಪೇರಾಗುತ್ತದೆ. ಇಪ್ಪತ್ತೊಂದನೆಯದರ ಮೂರು ಪ್ರತಿ ಇದ್ದರೆ ಮಗು ಹುಟ್ಟುತ್ತದೆ, ನಗುತ್ತದೆ, ಕಲಿಯುವುದು ನಿಧಾನ. ದೊಡ್ಡ ಕ್ರೋಮೋಸೋಮುಗಳಲ್ಲಿ ಹೀಗಾದರೆ ಬಸಿರು ನಿಲ್ಲುವುದೇ ಇಲ್ಲ. ಬಸಿರು ಇಳಿದುಹೋದ ಹೆಂಗಸರು ತಾವು ಭಾರ ಎತ್ತಿದ್ದಕ್ಕೋ, ಮೆಟ್ಟಿಲು ಹತ್ತಿದ್ದಕ್ಕೋ ಹೀಗಾಯಿತು ಎಂದು ಕೊರಗುತ್ತಾರೆ, ಎಷ್ಟೋ ಸಲ ಕಾರಣ ಈ ಪ್ರತಿಗಳ ಏರುಪೇರು, ಅವರ ತಪ್ಪು ಎಳ್ಳಷ್ಟೂ ಇರುವುದಿಲ್ಲ ಎಂದು ಹೇಳುವಾಗ ನಲವತ್ತಾರಕ್ಕನ ದನಿ ಸ್ವಲ್ಪ ಗಡುಸಾಯಿತು.

ಹಾಗಾದರೆ ನಲವತ್ತಾರು ಇದ್ದರೆ ಎಲ್ಲ ಸರಿ ತಾನೇ ಎಂದು ಬುದ್ಧಿವಂತನ ಹಾಗೆ ಕೇಳಿದೆ. "ಅಲ್ಲೇ ಎಡವೋದು" ಅಂದರು. "ಎಣಿಕೆ ಬೇರೆ, ಕಾಪಿ ಬೇರೆ. ಒಂದು ಪುಸ್ತಕಕ್ಕೆ ಇನ್ನೊಂದನ್ನ ಸೇರಿಸಿ ಒಂದೇ ರಟ್ಟು ಹಾಕಿದ್ರೆ ಕಪಾಟಲ್ಲಿ ಎಣಿಸಿದಾಗ ಒಂದು ಕಮ್ಮಿ ಬರುತ್ತೆ. ಹಾಳೆ ಕಮ್ಮಿ ಆಗಿರುತ್ತಾ? ಇಲ್ವಲ್ಲ." ಎರಡು ಕ್ರೋಮೋಸೋಮುಗಳು ತಲೆಗೆ ತಲೆ ಅಂಟಿಕೊಂಡವರಲ್ಲಿ ಎಣಿಕೆ ನಲವತ್ತೈದು, ಪ್ರತಿಗಳು ಮಾತ್ರ ಪೂರ್ತಿ. ಅಂಥವರು ಗಟ್ಟಿಮುಟ್ಟಾಗಿಯೇ ಇರುತ್ತಾರೆ. ತೊಂದರೆ ಬರುವುದು ಮಕ್ಕಳಾಗುವಾಗ, ಆ ಜೋಡಿಪುಸ್ತಕವನ್ನು ಮಗುವಿಗೆ ಹಂಚುವ ಹೊತ್ತಿನಲ್ಲಿ. ಕೆಲವು ಸಲ ಸರಿಯಾಗಿ ಹೋಗುತ್ತದೆ, ಕೆಲವು ಸಲ ಒಂದು ಪ್ರತಿ ಹೆಚ್ಚಾಗಿಯೋ ಕಮ್ಮಿಯಾಗಿಯೋ ಹೋಗುತ್ತದೆ. ಎಣಿಕೆ ನಲವತ್ತಾರೇ ಇದ್ದು ಒಳಗೆ ಪ್ರತಿ ಮೂರಾಗಿರುವುದೂ ಉಂಟು.

ಪುಸ್ತಕದ ಮಾತು ಸುಮ್ಮನೆ ಬಂದದ್ದಲ್ಲ. ಇವರ ಅಪ್ಪ ಬುಕ್ ಬೈಂಡರ್. ಲೈಬ್ರರಿಯ ಹರಿದ ಪುಸ್ತಕಗಳು, ಕಚೇರಿಯ ರಿಜಿಸ್ಟರುಗಳು ಮನೆಯ ತುಂಬ. ಹೊಲಿಯುವ ಮೊದಲು ಹಾಳೆ ಎಣಿಸುವುದು ಇವರ ಪಾಲು, ಬೆನ್ನಿಗೆ ಅಂಟು ಬಳಿಯುವುದು ಐದು ವರ್ಷ ದೊಡ್ಡವಳಾದ ಅಕ್ಕನ ಪಾಲು. ಒಂದು ಹಾಳೆ ತಪ್ಪಿದರೂ ಅಪ್ಪ ಬೈಯುತ್ತಿರಲಿಲ್ಲವಂತೆ, ಇಡೀ ಪುಸ್ತಕ ಬಿಚ್ಚಿ ಮತ್ತೆ ಮುಂದಿಡುತ್ತಿದ್ದರಂತೆ. ಅಕ್ಕನಿಗೆ ಅದರಿಂದ ಸಿಟ್ಟು ಬರುತ್ತಿತ್ತು, ತಂಗಿಗೆ ಅಭ್ಯಾಸವಾಯಿತು. ಕಾಲೇಜು ಮುಗಿಸಿ ಇಲ್ಲಿ ಕೆಲಸಕ್ಕೆ ಸೇರಿದಾಗ, ಈ ವಿಭಾಗವನ್ನು ಕಟ್ಟಿದ ಹಿರಿಯ ತಂತ್ರಜ್ಞರು, ಎಲ್ಲರೂ 'ಮೇಷ್ಟ್ರು' ಎನ್ನುತ್ತಿದ್ದವರು, ಈ ಹುಡುಗಿಗೆ ಎಣಿಸೋಕೆ ಬೇಜಾರಿಲ್ಲ ಎಂದು ತಕ್ಷಣ ಗುರುತಿಸಿದರಂತೆ.

ಮೇಷ್ಟ್ರು ನಿವೃತ್ತರಾಗಿ ಹನ್ನೊಂದು ವರ್ಷ. ಜೊತೆಗಿದ್ದ ಇನ್ನೊಬ್ಬರು ಯಂತ್ರದ ಕೋಣೆಗೆ ವರ್ಗವಾದರು. ಅಲ್ಲಿಂದ ಈಚೆಗೆ ನಲವತ್ತಾರಕ್ಕ ಒಬ್ಬರೇ. ಊಟದ ಡಬ್ಬಿ ಕಿಟಕಿಯ ಕಟ್ಟೆಯ ಮೇಲೆ, ಊಟವೂ ಅಲ್ಲೇ, ನಿಂತುಕೊಂಡು. ಕತ್ತು ಹಿಡಿದುಕೊಳ್ಳುತ್ತದೆ, ಎಡಗಣ್ಣಿನಲ್ಲಿ ಪೊರೆ ಶುರುವಾಗಿದೆ, ಬೆರಳ ತುದಿಯಲ್ಲಿ ಸ್ಲೈಡಿಗೆ ಹಾಕುವ ಬಣ್ಣದ ನೇರಳೆ ಕಲೆ ಹೋಗುವುದೇ ಇಲ್ಲ. ವರದಿಗೆ ಸಹಿ ವಿಭಾಗದ ವೈದ್ಯೆಯದು. ಕೆಳಗಿನ ಮೂಲೆಯಲ್ಲಿ 'ಎಣಿಸಿದವರು' ಎಂದಿರುವ ಕಡೆ ಎರಡು ಅಕ್ಷರ ಗೀಚಿರುತ್ತಾರೆ, ಅದು ಇವರು. ಇಷ್ಟು ವರ್ಷದಲ್ಲಿ ಆ ಎರಡು ಅಕ್ಷರ ಯಾರದೆಂದು ಯಾವ ರೋಗಿಯೂ ಕೇಳಿಕೊಂಡು ಮೇಲೆ ಬಂದದ್ದಿಲ್ಲ. "ನಾನು ಅವರ ಒಳಗನ್ನ ನೋಡಿರ್ತೀನಿ, ಮುಖ ನೋಡಿರಲ್ಲ. ಬಸ್ಸಲ್ಲಿ ಪಕ್ಕದಲ್ಲೇ ಕೂತಿದ್ರೂ ಗೊತ್ತಾಗಲ್ಲ" ಅಂದರು.

ಒಂದು ಸಂಜೆ ಅವರ ಮನೆಗೂ ಹೋದೆ. ಎರಡು ಕೋಣೆ, ಚೊಕ್ಕ. ಊಟದ ಮೇಜಿಗೆ ಎರಡು ಕುರ್ಚಿ, ಒಂದರ ಮೇಲೆ ಇಸ್ತ್ರಿಯಾಗಬೇಕಾದ ಬಟ್ಟೆ. ನನಗೆಂದು ಬಟ್ಟೆ ಎತ್ತಿದವರು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹೊತ್ತುಕೊಂಡು ನಿಂತೇ ಇದ್ದರು. ಮದುವೆ ಯಾಕಾಗಲಿಲ್ಲ ಎಂದು ಕೇಳಿದೆ, ಇಂಥ ಲೇಖನಗಳಲ್ಲಿ ಕೇಳುವ ಪ್ರಶ್ನೆಯದು, ಕೇಳಿ ನಾಚಿಕೆಯೂ ಆಯಿತು. ಕೆಲಸ ಜಾಸ್ತಿ ಇತ್ತು ಅಂದರು. ಅಪ್ಪ ಅಮ್ಮ ತೀರಿಕೊಂಡಿದ್ದಾರೆ. ಅಕ್ಕನ ಮನೆ ಮೂರು ಬಸ್‌ಸ್ಟಾಪಿನಾಚೆ. ಅಕ್ಕ ಇವರೊಂದಿಗೆ ಮಾತು ಬಿಟ್ಟು ಇಪ್ಪತ್ತೆರಡು ವರ್ಷವಾಯಿತು. ಮುಂಜಾನೆಯ ಬಸ್ಸು ಆ ಬೀದಿಯಲ್ಲೇ ಹಾಯುತ್ತದೆ, ಇವರು ಎಡಗಡೆಯ ಕಿಟಕಿಯಲ್ಲಿ ಕೂರುತ್ತಾರೆ. ಅಕ್ಕನ ಅಡುಗೆಮನೆಯ ದೀಪ ಹತ್ತಿದ್ದರೆ ಎದ್ದಿದ್ದಾಳೆ ಎಂದು ಗೊತ್ತು, ಹತ್ತದಿದ್ದರೆ ಹುಷಾರಿಲ್ಲವೇನೋ ಎಂದು ಮಧ್ಯಾಹ್ನದ ತನಕ ಜೀವ ತಳಮಳ. ಮಾತು ಯಾಕೆ ನಿಂತಿತು ಎಂಬುದನ್ನು ಅಂದು ಹೇಳಲಿಲ್ಲ. ಅವಳು ಒಂದು ಸಲ ಪೂರ್ತಿ ಕೇಳಿಸಿಕೊಂಡರೆ ಸಾಕು, ಆಮೇಲೆ ಬೈದರೂ ಸರಿ ಅಂದರು.

ಕಾರಣ ತಿಳಿದದ್ದು ಒಂದು ಚೀಟಿಯಿಂದ. ವರದಿ ಬರೆಯುವ ಪದ್ಧತಿ ಎಲ್ಲ ಕಡೆ ಒಂದೇ: ಮೊದಲು ಸಂಖ್ಯೆ, ಆಮೇಲೆ ವಿವರ. ಆದರೆ ನಲವತ್ತೈದು ಬಂದ ವರದಿಗಳಿಗೆ ಇವರು ಪಿನ್ನು ಹಾಕಿ ಪುಟ್ಟ ಚೀಟಿಯೊಂದನ್ನು ಸೇರಿಸಿಡುತ್ತಾರೆ, ವೈದ್ಯೆಗೆಂದು. 'ಎಲ್ಲವೂ ಪೂರ್ತಿ ಇದೆ. ಎರಡು ಒಂದಕ್ಕೊಂದು ಅಂಟಿಕೊಂಡಿವೆ. ಹಾಗಾಗಿ ಎಣಿಕೆ ನಲವತ್ತೈದು.' ಇದೇ ಮೂರು ವಾಕ್ಯ, ಇದೇ ಕ್ರಮ. ವೈದ್ಯೆ ಇವರಿಗಿಂತ ಹದಿನೈದು ವರ್ಷ ಚಿಕ್ಕವರು. ಈ ವಿಭಾಗಕ್ಕೆ ಬಂದ ಹೊಸದರಲ್ಲಿ ಇದೇನಿದು ಎಂದು ಹುಬ್ಬು ಗಂಟಿಕ್ಕಿದ್ದರಂತೆ. ಈಗ ರೋಗಿಗಳ ಜೊತೆ ಮಾತಾಡುವಾಗ ಅವರೂ ಅದೇ ಕ್ರಮದಲ್ಲಿ ಹೇಳುತ್ತಾರೆ, ಚೀಟಿ ಇಲ್ಲದ ದಿನ ಮೇಲಕ್ಕೆ ಫೋನು ಮಾಡಿ ಚೀಟಿ ಎಲ್ಲಿ ಅನ್ನುತ್ತಾರೆ.

ಸಂಖ್ಯೆಯನ್ನು ಕೊನೆಗೆ ಯಾಕೆ ಹೇಳಬೇಕು ಎಂದು ನಾನು ಕೇಳಿದಾಗ ನಲವತ್ತಾರಕ್ಕ ಸೂಕ್ಷ್ಮದರ್ಶಕದ ದೀಪ ಆರಿಸಿದರು. ಇಪ್ಪತ್ತೆರಡು ವರ್ಷದ ಹಿಂದೆ ಅಕ್ಕನಿಗೆ ನಾಲ್ಕನೇ ಸಲ ಬಸಿರು ಇಳಿದಿತ್ತು. ಮಗಳು ಹುಟ್ಟುವ ಮೊದಲು ಎರಡು, ಆಮೇಲೆ ಎರಡು. ಮಗಳಿಗೆ ಆಗ ಐದು ವರ್ಷ. ಪರೀಕ್ಷೆ ಮಾಡಿ ನೋಡೋಣ ಎಂದು ತಂಗಿಯೇ ಅಕ್ಕನ ರಕ್ತ ತೆಗೆಸಿಕೊಂಡು ಬಂದಳು, ತಾನೇ ಎಣಿಸಿದಳು. ಇಪ್ಪತ್ತಕ್ಕೆ ಇಪ್ಪತ್ತು ಕೋಶದಲ್ಲೂ ನಲವತ್ತೈದು. ಹದಿನಾಲ್ಕನೆಯದಕ್ಕೆ ಇಪ್ಪತ್ತೊಂದನೆಯದು ಅಂಟಿಕೊಂಡಿತ್ತು. ಕೊನೆಗೂ ಕಾರಣ ಸಿಕ್ಕಿತು, ಅಕ್ಕನ ತಪ್ಪೇನೂ ಇಲ್ಲ ಎಂಬ ಸಮಾಧಾನದಲ್ಲಿ ಕೋಟೂ ಬಿಚ್ಚದೆ ಬಸ್ಸು ಹತ್ತಿ ಓಡಿದಳು. ಅಕ್ಕ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ಎಣಿಸುವವರ ನಾಲಗೆಗೆ ಮೊದಲು ಬರುವುದು ಸಂಖ್ಯೆ. ಬಾಗಿಲಲ್ಲೇ ನಿಂತು ಏದುಸಿರಿನಲ್ಲಿ ಇವರು ಹೇಳಿದ ಮಾತು, "ಅಕ್ಕ, ನಿನಗೆ ಒಂದು ಕಡಿಮೆ ಇದೆ."

ಕನ್ನಡದಲ್ಲಿ 'ಕಡಿಮೆ' ಎಂಬ ಪದ ಎಂಥದ್ದೆಂದು ನಿಮಗೆ ಹೇಳಬೇಕಾಗಿಲ್ಲ. ನಾನ್ಯಾವುದರಲ್ಲಿ ಕಡಿಮೆ ಎಂದು ಕೇಳುತ್ತ ಜಗಳಕ್ಕೆ ನಿಲ್ಲುವವರು ನಾವು. ನಾಲ್ಕು ಬಸಿರು ಕಳೆದುಕೊಂಡು, ಕಂಡವರ ಕನಿಕರ ಉಂಡು ಸಾಕಾಗಿದ್ದ ಹೆಂಗಸಿನ ಕಿವಿಗೆ ಅದು ಹೇಗೆ ಬಿದ್ದಿರಬೇಕು. ಅಕ್ಕ ಪಾತ್ರೆ ಕೆಳಗಿಟ್ಟಳು. "ಹೌದು ಕಣೇ, ನಾನು ಕಡಿಮೇನೇ. ನೀನು ಓದಿದೋಳು, ಪೂರ್ತಿ ಇರೋಳು. ಹೋಗು" ಅಂದಳು. ತಂಗಿ ಬಾಯಿ ತೆರೆಯುವುದರೊಳಗೆ ಬಾಗಿಲು ಹಾಕಿಕೊಂಡಿತು. ಬೈಂಡರನ ಮಗಳಿಗೆ ಬೈಂಡಿಂಗ್ ಮಾತಿನಲ್ಲಿ ಹೇಳಿದ್ದರೆ ಒಂದೇ ನಿಮಿಷಕ್ಕೆ ಅರ್ಥವಾಗುತ್ತಿತ್ತು, ತನಗೆ ಆ ಬುದ್ಧಿ ಆ ಹೊತ್ತಿಗೆ ಹೊಳೆಯಲಿಲ್ಲ ಎಂದು ನಲವತ್ತಾರಕ್ಕ ಇವತ್ತಿಗೂ ತಲೆ ಚಚ್ಚಿಕೊಳ್ಳುತ್ತಾರೆ.

ಅಷ್ಟೇ ಆಗಿದ್ದರೆ ಇದು ಒಂದು ಪದದ ಎಡವಟ್ಟು. ಅಷ್ಟೇ ಅಲ್ಲ. ಅಂದು ಬಾಯಲ್ಲೇ ಉಳಿದ ಮಾತಿನ ಇನ್ನರ್ಧ ಏನೆಂದು ಕೇಳಿದೆ. ಅವರು ತುಂಬ ಹೊತ್ತು ಬೆರಳ ತುದಿಯ ನೇರಳೆ ಕಲೆಯನ್ನು ಉಜ್ಜಿಕೊಂಡರು.

"ನನಗೂ ಅಷ್ಟೇ ಅಂತ."

ಈ ಕೆಲಸ ಕಲಿಯುವವರು ಮೊದಲು ಎಣಿಸುವುದು ತಮ್ಮದೇ ರಕ್ತವನ್ನು. ಸೇರಿದ ಎರಡನೇ ತಿಂಗಳಲ್ಲಿ, ಇಪ್ಪತ್ತಮೂರನೇ ವಯಸ್ಸಿನಲ್ಲಿ, ನಲವತ್ತಾರಕ್ಕ ತಮ್ಮನ್ನು ತಾವು ಎಣಿಸಿಕೊಂಡರು. ನಲವತ್ತೈದು ಬಂತು. ಎಣಿಸೋಕೆ ಬಂದಿಲ್ಲ ಎಂದುಕೊಂಡು ಮತ್ತೆ ಎಣಿಸಿದರು, ಆಮೇಲೆ ಮೇಷ್ಟ್ರು ಎಣಿಸಿದರು. ಎಲ್ಲ ಪೂರ್ತಿ ಇದೆಯಮ್ಮ, ಅಂಟಿಕೊಂಡಿದೆ ಅಷ್ಟೇ ಎಂದು ಮೇಷ್ಟ್ರು ಹೇಳಿದರು, ಬೇರೆ ಯಾರಿಗೂ ಹೇಳಲಿಲ್ಲ. ಊರೆಲ್ಲ ನಲವತ್ತಾರಕ್ಕ ಎಂದು ಕರೆಯುವವರ ಒಳಗಿನ ಲೆಕ್ಕ ಇದು. ಆ ಅಡ್ಡಹೆಸರು ಕೂಗಿದಾಗಲೆಲ್ಲ ಓಗೊಡುತ್ತಾರೆ, ಅದರಲ್ಲಿ ಸ್ವಲ್ಪ ಮೋಸ ಮಾಡಿದಂತಾಗುತ್ತದೆ ಎಂದು ನಗುತ್ತಾರೆ.

ಅಕ್ಕನಿಗೆ ಮೊದಲ ಎರಡು ಬಸಿರು ಇಳಿದದ್ದು ಅದಾದ ಮೇಲೆ. ಅಂದರೆ ತಂಗಿಗೆ ಆಗಲೇ ಅನುಮಾನ ಬರಬೇಕಿತ್ತು, ಬಂದಿತ್ತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ತನಗಿದ್ದದ್ದು ಅವಳಿಗೂ ಇರಬಹುದು. ಹೇಳಿದರೆ ಮನೆಯಲ್ಲಿ ಗಾಬರಿ, ಅಮ್ಮನಿಂದ ಬಂತೋ ಅಪ್ಪನಿಂದ ಬಂತೋ ಎಂಬ ಮಾತು, ಅಕ್ಕನ ಸಂಸಾರದಲ್ಲಿ ಏನೇನೋ. ಇಂದು ಹೇಳೋಣ ನಾಳೆ ಹೇಳೋಣ ಎನ್ನುವುದರಲ್ಲಿ ಅಕ್ಕನಿಗೆ ಮಗಳು ಹುಟ್ಟಿದಳು, ಗುಂಡುಗುಂಡಾಗಿ, ಆರೋಗ್ಯವಾಗಿ. ಇನ್ನೇನು ಹೇಳುವುದು ಎಂದು ಸುಮ್ಮನಾದರು. "ಅಕ್ಕ ಹೇಳಕ್ಕೇ ಬಿಡಲಿಲ್ಲ ಅಂತ ನನಗೆ ನಾನೇ ಹೇಳ್ಕೊಂಡಿದ್ದೆ. ಸುಳ್ಳು. ಬಾಗಿಲು ಮತ್ತೆ ತಟ್ಟಬಹುದಾಗಿತ್ತು. ನನಗೂ ಅಷ್ಟೇ ಅಂದ್ರೆ ಯಾವಾಗಿಂದ ಗೊತ್ತು ಅಂತ ಕೇಳ್ತಾಳೆ. ಏಳು ವರ್ಷದಿಂದ ಅಂತ ಹೇಳಬೇಕಲ್ಲ." ಅವರು ದೀಪ ಹಾಕಿ ಮತ್ತೆ ಸ್ಲೈಡಿಗೆ ಬಗ್ಗಿದರು.

ನನ್ನ ಎರಡನೇ ವಾರದ ಕೊನೆಗೆ ಒಂದು ರಕ್ತದ ಟ್ಯೂಬು ಮೇಲೆ ಬರುತ್ತದೆ. ಇಪ್ಪತ್ತೇಳು ವರ್ಷದ ಹೆಣ್ಣು, ಎರಡು ಸಲ ಬಸಿರು ಇಳಿದಿದೆ. ಕೆಳಗಿನ ಹೊಸ ಯಂತ್ರ ಪರೀಕ್ಷಿಸಿ, ಎಲ್ಲ ಬಗೆಯೂ ಎರಡೆರಡು ಪ್ರತಿ ಇವೆ, ದೋಷವಿಲ್ಲ ಎಂದಿದೆ. ವೈದ್ಯೆಗೆ ಸಮಾಧಾನವಾಗದೆ ಎಣಿಸಲು ಕಳಿಸಿದ್ದಾರೆ. ಫಾರಮ್ಮಿನಲ್ಲಿ ತಾಯಿಯ ಹೆಸರಿನ ಜಾಗ ನೋಡಿ ನಲವತ್ತಾರಕ್ಕ ಕೂತುಬಿಡುತ್ತಾರೆ. ಅಕ್ಕನ ಮಗಳು.

ನೆಂಟರ ರಕ್ತ ತಾವೇ ಎಣಿಸಬಾರದು, ಅದು ನಿಯಮ. ಒಮ್ಮೆ ಅದನ್ನು ಮುರಿದು ಕೈ ಸುಟ್ಟುಕೊಂಡವರು ಈ ಸಲ ನೆಟ್ಟಗೆ ವೈದ್ಯೆಯ ಬಳಿ ಹೋಗಿ ವಿಷಯ ತಿಳಿಸುತ್ತಾರೆ, ತಮ್ಮದನ್ನೂ ಸೇರಿಸಿ. ಎಣಿಸಲು ಬೇರೆ ಯಾರೂ ಇಲ್ಲ. ಕೊನೆಗೆ ಇವರು ಎಣಿಸಿದ ಇಪ್ಪತ್ತು ಕೋಶವನ್ನೂ ವೈದ್ಯೆ ಪಕ್ಕದಲ್ಲಿ ಕೂತು ಮತ್ತೊಮ್ಮೆ ಎಣಿಸುವುದೆಂದಾಗುತ್ತದೆ. ಇಬ್ಬರಿಗೂ ನಲವತ್ತೈದೇ ಬರುತ್ತದೆ. ಯಂತ್ರ ಸುಳ್ಳು ಹೇಳಿಲ್ಲ, ಅದು ಪ್ರತಿಗಳನ್ನು ಅಳೆಯುತ್ತದೆ, ಪ್ರತಿಗಳು ಪೂರ್ತಿಯೇ ಇವೆ. ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಎಂಬುದು ಅದಕ್ಕೆ ಕಾಣುವುದಿಲ್ಲ. ಇದನ್ನು ಹೇಳುವಾಗ ನಲವತ್ತಾರಕ್ಕನ ಮುಖದಲ್ಲಿ ಸಣ್ಣದೊಂದು ಹೆಮ್ಮೆ ಸುಳಿದದ್ದು ನಿಜ, ಹಿಂದೆಯೇ ಅದು ಆರಿಹೋದದ್ದೂ ನಿಜ. ಗೆದ್ದದ್ದು ಅಕ್ಕನ ಮಗಳ ಕಷ್ಟದ ಮೇಲೆ.

ವರದಿ ಕೊಡುವ ದಿನ ಅವರು ಚೀಟಿಯನ್ನು ಮೂರು ಸಲ ಬರೆದು ಹರಿದರು. ನಾಲ್ಕನೆಯದರಲ್ಲೂ ಅದೇ ಮೂರು ವಾಕ್ಯವಿತ್ತು. ಕೆಳಗೆ ವೈದ್ಯೆ ಅದೇ ಕ್ರಮದಲ್ಲಿ ಹೇಳಿದರು. ಮುಂದಿನ ಬಸಿರಿಗೆ ಏನೇನು ಪರೀಕ್ಷೆ ಉಂಟು, ಏನನ್ನು ಖಾತ್ರಿಯಾಗಿ ಹೇಳಲಾಗುವುದಿಲ್ಲ ಎಂಬುದನ್ನೂ ಬಿಡಿಸಿ ಹೇಳಿದರು. ಇದು ಮನೆಯಲ್ಲಿ ಬೇರೆ ಯಾರಿಗಿದೆ ಎಂದು ಅವಳು ಕೇಳಿದಾಗ, ಆ ಉತ್ತರ ಕೊಡಬೇಕಾದವರು ನಾನಲ್ಲ, ಮೂರನೇ ಮಹಡಿಗೆ ಹೋಗಿ ಅಂದರಂತೆ. ಹೀಗೆ ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ರೋಗಿಯೊಬ್ಬಳು ಆ ಎರಡು ಅಕ್ಷರ ಹುಡುಕಿಕೊಂಡು ಮೆಟ್ಟಿಲು ಹತ್ತಿದಳು. ಅವಳು ಐದು ವರ್ಷದವಳಿದ್ದಾಗ ನಲವತ್ತಾರಕ್ಕ ಕೊನೆಯ ಸಲ ನೋಡಿದ್ದ ಮುಖ. ಬಾಗಿಲಲ್ಲಿ ನಿಂತು ಚಿಕ್ಕಮ್ಮ ಅಂದಳಂತೆ. ಮುಕ್ಕಾಲು ಗಂಟೆ ಇದ್ದಳು. ನಾನು ಅಂದು ಇರಲಿಲ್ಲ, ಇರದಿದ್ದದ್ದೇ ಒಳ್ಳೆಯದಾಯಿತು. ಈ ಸಲ ಮಾತನ್ನು ಪೂರ್ತಿ ಮುಗಿಸಿದೆ ಎಂದಷ್ಟೇ ನಲವತ್ತಾರಕ್ಕ ಮರುದಿನ ತಿಳಿಸಿದರು.

ಅದಾದ ಎರಡನೇ ದಿನ ಬೆಳಿಗ್ಗೆ ಹತ್ತೂವರೆಗೆ ಫೋನು ಬರುತ್ತದೆ. ಅವರ ಕೈಯೆಲ್ಲ ಬಣ್ಣ, ಮೊಣಕೈಯಲ್ಲಿ ಒತ್ತಿ ಸ್ಪೀಕರಿಗೆ ಹಾಕುತ್ತಾರೆ. ನಾನು ಹೊರಗೆ ಹೋಗಲು ಏಳುತ್ತೇನೆ, ಕೂರಿ ಎಂದು ಕಣ್ಣಲ್ಲೇ ಹೇಳುತ್ತಾರೆ. ಒಬ್ಬರೇ ಕೇಳಿಸಿಕೊಳ್ಳಲು ಧೈರ್ಯವಿಲ್ಲ ಎಂದು ಆಮೇಲೆ ಒಪ್ಪಿಕೊಂಡರು. ಫೋನಿನಲ್ಲಿ ಅಕ್ಕನ ಮಗಳು. ಅಮ್ಮನಿಗೆ ಎಲ್ಲ ಹೇಳಿದೆ, ಜೋಡಿಪುಸ್ತಕದ ಮಾತೂ ಹೇಳಿದೆ, ಅಮ್ಮ ಎರಡು ದಿನದಿಂದ ಏನೂ ಮಾತಾಡಿಲ್ಲ ಅನ್ನುತ್ತಾಳೆ. ಆಮೇಲೆ ದನಿ ತಗ್ಗಿಸಿ, "ಈಗ ಒಂದು ಕೇಳ್ತಿದಾಳೆ ಚಿಕ್ಕಮ್ಮ. ನಿಂಗೆ ನಿಂದು ಯಾವಾಗಿಂದ ಗೊತ್ತು ಅಂತ."

ಈ ಪ್ರಶ್ನೆಗೆ ಸಂಖ್ಯೆಯನ್ನು ಹಿಂದೆ ಹಾಕಿ ಹೇಳುವ ದಾರಿ ಯಾವುದೂ ಇಲ್ಲ. ನಲವತ್ತಾರಕ್ಕ ಎರಡೂ ಕೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟುಕೊಂಡು, "ಇಪ್ಪತ್ತೊಂಬತ್ತು ವರ್ಷ" ಅನ್ನುತ್ತಾರೆ. ಆ ಕಡೆ ಮಗಳು ಅದನ್ನು ಜೋರಾಗಿ ಯಾರಿಗೋ ಹೇಳುವುದು ಕೇಳುತ್ತದೆ.

"ಅಮ್ಮ ಬೆರಳು ಮಡಚ್ತಿದಾಳೆ" ಎಂದು ಮಗಳು ಪಿಸುಗುಡುತ್ತಾಳೆ.

ಆ ಬೆರಳುಗಳು ಎಲ್ಲಿ ಹೋಗಿ ನಿಲ್ಲುತ್ತವೆ ಎಂದು ನನಗೂ ಗೊತ್ತು, ನಿಮಗೂ ಗೊತ್ತು. ಇಪ್ಪತ್ತೇಳು ಮಗಳ ವಯಸ್ಸು. ಅದಕ್ಕೂ ಹಿಂದೆ ಎರಡು ಬಸಿರು. ನಲವತ್ತಾರಕ್ಕ ಕಣ್ಣು ಮುಚ್ಚಿಕೊಂಡಿದ್ದಾರೆ, ತುಟಿ ಅಲ್ಲಾಡುತ್ತಿದೆ, ಅವರೂ ಎಣಿಸುತ್ತಿದ್ದಾರೆ. ಫೋನು ಕೈ ಬದಲಾದ ಸದ್ದು. ಕೊಂಚ ಒಡಕು ಬಂದ, ಗಡುಸಾದ ಒಂದು ದನಿ. ಇಪ್ಪತ್ತೆರಡು ವರ್ಷದಿಂದ ಈ ಕಿವಿಗೆ ಬೀಳದ ದನಿ.

"ಅದಕ್ಕೇನಾ ನೀನು ಮದುವೆ ಬೇಡ ಅಂದಿದ್ದು?"

ನಲವತ್ತಾರಕ್ಕನ ಬಾಯಿಂದ ಹೊರಟದ್ದು ಬರೀ "ಹೂಂ". ಆ ಕಡೆ ಅಕ್ಕ ಫೋನು ಇಡುತ್ತಾಳೆ. ನಾನು ಎದ್ದು ಲೋಟಕ್ಕೆ ನೀರು ಬಗ್ಗಿಸಿ ಕೊಡುತ್ತೇನೆ. ಇಷ್ಟು ದಿನದಲ್ಲಿ ಆ ಕೋಣೆಯಲ್ಲಿ ನಾನು ಮಾಡಿದ ಉಪಯೋಗದ ಕೆಲಸ ಅದೊಂದೇ.

ಅಕ್ಕ ಮತ್ತೆ ಫೋನು ಮಾಡಿಲ್ಲ. ಇದನ್ನೆಲ್ಲ ಬರೆಯಬಹುದೇ ಎಂದು ಮಗಳ ಮೂಲಕ ಕೇಳಿಸಿದ್ದೆ. "ಬರೀಲಿ" ಎಂಬ ಒಂದೇ ಮಾತು ಬಂತು. ಅದು ಕ್ಷಮೆಯೋ, ಸಿಟ್ಟೋ, ದಣಿವೋ ನನಗೆ ತಿಳಿಯದು. ನಲವತ್ತಾರಕ್ಕನಿಗೂ ತಿಳಿಯದು. ಅವರು ಎಂದಿನಂತೆ ಬರುತ್ತಾರೆ, ಎಣಿಸುತ್ತಾರೆ, ನಿಂತು ಊಟ ಮಾಡುತ್ತಾರೆ.

ಕೊನೆಯ ದಿನ ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದೆ. ಅಕ್ಕ ಒಂದು ಸಲ ಇಲ್ಲಿಗೆ ಬರಬೇಕು, ಅಷ್ಟೇ ಅಂದರು. ಬಂದರೆ ಸ್ಟೂಲು ಎತ್ತರ ಮಾಡಬೇಕು, ಅವಳು ಕುಳ್ಳಿ ಎಂದು ತಮಗೆ ತಾವೇ ಹೇಳಿಕೊಂಡರು. ಬಂದರೆ ಏನು ತೋರಿಸುತ್ತೀರಿ ಅಂದೆ. ಮೇಜಿನ ಡ್ರಾಯರ್ ಎಳೆದು ಎರಡು ಹಳೆಯ ಫೋಟೋ ತೆಗೆದು ಪಕ್ಕಪಕ್ಕ ಇಟ್ಟರು. ಎರಡರಲ್ಲೂ ಕ್ರೋಮೋಸೋಮುಗಳ ಸಾಲು, ಎರಡರಲ್ಲೂ ಒಂದು ಜಾಗದಲ್ಲಿ ಅಂಟಿಕೊಂಡ ಜೋಡಿ. ಕೆಳಗಿನ ಹೆಸರುಗಳನ್ನು ಎರಡು ಹೆಬ್ಬೆರಳಿನಿಂದ ಮುಚ್ಚಿದರು.

"ಹೀಗೆ ಮುಚ್ಚಿದ್ರೆ, ಯಾವುದು ಅವಳದ್ದು ಯಾವುದು ನನ್ನದು ಅಂತ ನನಗೇ ಹೇಳೋಕಾಗಲ್ಲ."